ಆರು ವಾರದ ಮಗುವಿನ ಹೃದಯದಲ್ಲಿ ಮರ್ಮರ್ ಸದ್ದು

ಪ್ರಶ್ನೆ: ನಮ್ಮ ಹೆಣ್ಣುಮಗುವಿಗೆ ಈಗ ಆರು ವಾರ. ಹುಟ್ಟಿದ ಮರುದಿನ ಪರೀಕ್ಷಿಸಿದ ವೈದ್ಯರು ಎಲ್ಲವೂ ಸರಿಯಾಗಿದೆ ಎಂದಿದ್ದರು. ಮೊನ್ನೆ ಲಸಿಕೆ ಹಾಕಿಸಲು ಹೋದಾಗ ಹೃದಯದಲ್ಲಿ ಮರ್ಮರ್ (ಬಡಿತದ ಜೊತೆ ಕೇಳುವ ಹೆಚ್ಚುವರಿ ಸದ್ದು) ಕೇಳಿಸಿತು. ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಿದಾಗ ಕೆಳಗಿನ ಎರಡು ಕೋಣೆಗಳ ನಡುವಿನ ಸ್ನಾಯುಗೋಡೆಯಲ್ಲಿ 2 ಮಿ.ಮೀ. ರಂಧ್ರ ಕಂಡಿತು. ಇದು ಮೊದಲೇ ಏಕೆ ತಿಳಿಯಲಿಲ್ಲ? ಶಸ್ತ್ರಚಿಕಿತ್ಸೆ ಬೇಕೇ? ಮಗು ಜೋರಾಗಿ ಅತ್ತರೂ ನಮಗೆ ಭಯವಾಗುತ್ತದೆ.

ಉತ್ತರ: ಮೊದಲ ಪರೀಕ್ಷೆಯಲ್ಲಿ ವೈದ್ಯರು ಎಡವಿದರೆಂದು ದಯವಿಟ್ಟು ಭಾವಿಸಬೇಡಿ. ಹುಟ್ಟಿದ ಹೊಸತರಲ್ಲಿ ಮಗುವಿನ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿರುವುದರಿಂದ ಹೃದಯದ ಎಡ ಮತ್ತು ಬಲ ಭಾಗಗಳ ಒತ್ತಡದಲ್ಲಿ ಹೆಚ್ಚು ಅಂತರವಿರುವುದಿಲ್ಲ. ರಂಧ್ರವಿದ್ದರೂ ಅದರ ಮೂಲಕ ರಕ್ತ ರಭಸವಾಗಿ ಹರಿಯುವುದಿಲ್ಲವಾದ್ದರಿಂದ ಸದ್ದೂ ಕೇಳಿಸದೇ ಹೋಗಬಹುದು. ಮುಂದಿನ ದಿನಗಳಲ್ಲಿ, ಕೆಲವೊಮ್ಮೆ ವಾರಗಳಲ್ಲಿ, ಬಲಭಾಗದ ಒತ್ತಡ ಇಳಿದಂತೆ ಮರ್ಮರ್ ಸ್ಪಷ್ಟವಾಗುತ್ತದೆ.

ಸದ್ದು ಜೋರಾಗಿದೆ ಎಂದರೆ ದೋಷ ದೊಡ್ಡದು ಎಂದು ಅನೇಕ ತಂದೆತಾಯಿಯರು ತಿಳಿಯುತ್ತಾರೆ. ಈ ಬಗೆಯ ರಂಧ್ರದಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ: ಕಿಟಕಿಯ ಕಿರುಸಂದಿಯಲ್ಲಿ ನುಗ್ಗುವ ಗಾಳಿ ಶಿಳ್ಳೆ ಹಾಕುವಂತೆ, ಚಿಕ್ಕ ರಂಧ್ರವೇ ಹೆಚ್ಚು ಸದ್ದು ಮಾಡುತ್ತದೆ. ಆದ್ದರಿಂದ ಸದ್ದಿನ ಏರಿಳಿತಕ್ಕಿಂತ ಎಕೋ ವರದಿಯನ್ನೂ ಮಗುವಿನ ಬೆಳವಣಿಗೆಯನ್ನೂ ನಂಬುವುದು ಸರಿ. ಸ್ನಾಯುಗೋಡೆಯಲ್ಲಿರುವ ಇಂಥ ಸಣ್ಣ ರಂಧ್ರಗಳಲ್ಲಿ ಹೆಚ್ಚಿನವು, ಸುತ್ತಲಿನ ಸ್ನಾಯು ಬೆಳೆದಂತೆ, ಮೊದಲ ಎರಡು ವರ್ಷಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ನೀವು ವಿವರಿಸಿದಂತಹ ರಂಧ್ರಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದು ತೀರಾ ಅಪರೂಪ. ಆದರೂ ಮಕ್ಕಳ ಹೃದ್ರೋಗ ತಜ್ಞರು ಹೇಳಿದ ದಿನಕ್ಕೆ ಮರುಪರೀಕ್ಷೆಗೆ ತಪ್ಪದೆ ಹೋಗಿ.

ಮನೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಹಾಲು ಕುಡಿಯುವ ರೀತಿ. ಈ ವಯಸ್ಸಿನ ಮಗುವಿಗೆ ಹಾಲು ಕುಡಿಯುವುದೇ ದೊಡ್ಡ ದೈಹಿಕ ಶ್ರಮ. ಹೃದಯಕ್ಕೆ ಕಷ್ಟವಾಗುತ್ತಿದ್ದರೆ ಅದು ಮೊದಲು ಕಾಣುವುದು ಅಲ್ಲಿಯೇ. ನಾಲ್ಕು ಗುಟುಕು ಕುಡಿದು ಏದುಸಿರು ಬಿಟ್ಟು ನಿಲ್ಲಿಸುವುದು, ಕುಡಿಯುವಾಗ ಹಣೆ ಬೆವರುವುದು, ತೂಕ ಏರದಿರುವುದು, ಶಾಂತವಾಗಿ ಮಲಗಿದ್ದಾಗಲೂ ಉಸಿರಾಟ ನಿಮಿಷಕ್ಕೆ 60ನ್ನು ದಾಟುವುದು, ಇವುಗಳಲ್ಲಿ ಯಾವುದು ಕಂಡರೂ ನಿಗದಿತ ದಿನಕ್ಕೆ ಕಾಯದೆ ವೈದ್ಯರಿಗೆ ತೋರಿಸಿ. ತುಟಿ ಅಥವಾ ನಾಲಿಗೆ ನೀಲಿಗಟ್ಟಿದರೆ ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಳುವುದರಿಂದ ರಂಧ್ರ ದೊಡ್ಡದಾಗುವುದಿಲ್ಲ, ಆದ್ದರಿಂದ ಆ ಭಯ ಬೇಡ. ಸ್ನಾನ, ಎದೆಹಾಲು, ಲಸಿಕೆ ಎಲ್ಲವೂ ಇತರ ಮಕ್ಕಳಂತೆಯೇ ಸಾಗಲಿ. ನೀವು ಕೇಳಿಲ್ಲವಾದರೂ ಇಂಥ ಸಂದರ್ಭದಲ್ಲಿ ಅನೇಕ ತಾಯಂದಿರು ಒಳಗೊಳಗೇ ಕೊರಗುವುದರಿಂದ ಹೇಳುತ್ತೇನೆ: ಈ ಗೋಡೆ ರೂಪುಗೊಳ್ಳುವುದು ಗರ್ಭದ ಮೊದಲ ಎಂಟು ವಾರಗಳಲ್ಲಿ, ಮತ್ತು ಹೆಚ್ಚಿನ ಮಕ್ಕಳಲ್ಲಿ ಅದು ಪೂರ್ಣಗೊಳ್ಳದಿರಲು ನಿರ್ದಿಷ್ಟ ಕಾರಣ ಸಿಗುವುದಿಲ್ಲ. ನೀವು ತಿಂದದ್ದಕ್ಕೂ ಮಾಡಿದ ಮನೆಗೆಲಸಕ್ಕೂ ಇದನ್ನು ಗಂಟು ಹಾಕಬೇಡಿ.