ಸ್ಕ್ಯಾನ್‌ನಲ್ಲಿ ದೋಷ ಕಾಣದಿದ್ದರೆ ಅಂಟು ಗಟ್ಟಿ ಇದೆ ಅಂತ ಹೇಳಬಹುದಾ?

ನಿಮ್ಮ ಪ್ರಶ್ನೆ ಇದು: ವಿಮಾನದ ಕಾರ್ಬನ್ ಫೈಬರ್ ಭಾಗಗಳನ್ನು ಅಂಟಿನಿಂದ ಕೂಡಿಸಿ, ಅಲ್ಟ್ರಾಸಾನಿಕ್ ಸ್ಕ್ಯಾನ್ ಮಾಡಿ, ಎಲ್ಲೂ ದೋಷ ಇಲ್ಲ ಅಂದಮೇಲೂ ರಿವೆಟ್ ಯಾಕೆ ಹೊಡೆಯುತ್ತಾರೆ?

ಯಾಕೆಂದರೆ ಸ್ಕ್ಯಾನ್ ಹುಡುಕುವುದು ಟೊಳ್ಳನ್ನು. ಅಂಟು ಎಷ್ಟು ಗಟ್ಟಿಯಾಗಿ ಹಿಡಿದಿದೆ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ನಾನು ಈ ಪರೀಕ್ಷೆ ಕೆಲಸದಲ್ಲೇ ಇರುವವನು, ಆದರೂ ಇದು ಪೂರ್ತಿ ಮನಸ್ಸಿಗೆ ಇಳಿಯಲು ನನಗೂ ಸಮಯ ಹಿಡಿಯಿತು.

ಪ್ರೋಬ್‌ನಿಂದ ಶಬ್ದದ ಅಲೆ ಹೊರಡುತ್ತದೆ, ಸಾಮಾನ್ಯವಾಗಿ 1ರಿಂದ 10 ಮೆಗಾಹರ್ಟ್ಸ್. ದಾರಿಯಲ್ಲಿ ಗಾಳಿ ಸಿಕ್ಕರೆ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ವಾಪಸ್ ಬರುತ್ತದೆ. ಆ ಗಾಳಿಯ ಪದರ ಕೂದಲಿಗಿಂತ ತೆಳ್ಳಗಿದ್ದರೂ ಸಾಕು. ಹಾಗಾಗಿ ಅಂಟು ಬಿಟ್ಟುಕೊಂಡ ಜಾಗ, ಗುಳ್ಳೆ, ಅಂಟು ತುಂಬದೆ ಉಳಿದ ಜಾಗ, ಇವೆಲ್ಲ ಚೆನ್ನಾಗಿ ಕಾಣುತ್ತವೆ. ಆದರೆ ಅಂಟು ಮೇಲ್ಮೈಗೆ ಒತ್ತಿಕೊಂಡಿದೆ, ನಡುವೆ ಗಾಳಿ ಇಲ್ಲ, ಹಿಡಿತವೂ ಇಲ್ಲ ಅಂದರೆ? ಶಬ್ದ ಆರಾಮಾಗಿ ದಾಟಿ ಹೋಗುತ್ತದೆ. ಇದನ್ನೇ ಕಿಸ್ಸಿಂಗ್ ಬಾಂಡ್ ಅನ್ನುತ್ತಾರೆ. ಹಿಡಿತ ಇದೆ ಆದರೆ ತುಂಬಾ ಕಡಿಮೆ ಅಂದರೆ ವೀಕ್ ಬಾಂಡ್. ಅದನ್ನು ಪತ್ತೆ ಮಾಡುವುದು ಇನ್ನೂ ಕಷ್ಟ.

ಒಮ್ಮೆ ನಾವು ಎರಡು ಪ್ಯಾನೆಲ್ ಮಾಡಿದೆವು. ಒಂದನ್ನು ಸರಿಯಾಗಿ ಉಜ್ಜಿ, ಒರೆಸಿ ಅಂಟಿಸಿದೆವು. ಇನ್ನೊಂದಕ್ಕೆ, ಅಚ್ಚಿನಿಂದ ಭಾಗ ಸುಲಭವಾಗಿ ಬಿಡಲಿ ಅಂತ ಬಳಿಯುವ ಸಿಲಿಕೋನ್ ರಿಲೀಸ್ ಏಜೆಂಟನ್ನು ಬೇಕೆಂದೇ ತೆಳ್ಳಗೆ ಸವರಿದೆವು. ಎರಡರ ಸಿ-ಸ್ಕ್ಯಾನ್ ಚಿತ್ರವನ್ನೂ (ಅಲ್ಟ್ರಾಸಾನಿಕ್ ಸ್ಕ್ಯಾನ್ ಕೊಡುವ, ಮೇಲಿನಿಂದ ನೋಡಿದಂಥ ನಕ್ಷೆ) ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ನನಗೆ ಹೇಳಲಾಗಲಿಲ್ಲ. ಎಳೆದು ನೋಡಿದಾಗ ಒಳ್ಳೆಯದು ಅಂಟಿನ ಒಳಗೇ ಹರಿಯಿತು, ಎರಡೂ ಕಡೆ ಅಂಟು ಉಳಿಯಿತು. ಇನ್ನೊಂದು ಸ್ವಲ್ಪ ಎಳೆತಕ್ಕೇ ಬಿಟ್ಟುಕೊಂಡಿತು. ಒಂದು ಕಡೆ ಅಂಟು ಪೂರ್ತಿ, ಇನ್ನೊಂದು ಕಡೆ ಬೋಳು. ಆ ಬೋಳು ಮೇಲ್ಮೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಟ್ಯಾಪ್ ಟೆಸ್ಟ್ (ತಟ್ಟಿ ಸದ್ದು ಕೇಳುವುದು), ಥರ್ಮೋಗ್ರಫಿ (ಮೇಲ್ಮೈಯ ಬಿಸಿಯ ವ್ಯತ್ಯಾಸ ನೋಡುವುದು), ಶಿಯರೋಗ್ರಫಿ (ಸ್ವಲ್ಪ ಒತ್ತಡ ಕೊಟ್ಟು ಮೇಲ್ಮೈ ಎಷ್ಟು ಉಬ್ಬಿತು ಅಂತ ಲೇಸರ್‌ನಿಂದ ನೋಡುವುದು) ಬಗ್ಗೆಯೂ ನೀವು ಕೇಳಬಹುದು. ಟ್ಯಾಪ್ ಟೆಸ್ಟ್ ತೆಳು ಪದರಕ್ಕೆ, ಒಳಗೆ ಜೇನುಗೂಡಿನಂಥ ತಿರುಳಿರುವ ಹನಿಕೋಂಬ್ ಪ್ಯಾನೆಲ್‌ಗೆ ಚೆನ್ನಾಗಿದೆ, ದಪ್ಪ ಭಾಗದಲ್ಲಿ ಆಳದ ದೋಷಕ್ಕೆ ಸಾಲದು. ಉಳಿದವೂ ಮುಖ್ಯವಾಗಿ ಬಿಟ್ಟುಕೊಂಡ ಜಾಗವನ್ನೇ ಹುಡುಕುತ್ತವೆ. ಹಿಡಿತವನ್ನೇ ಪರೀಕ್ಷಿಸುವುದು ಲೇಸರ್ ಬಾಂಡ್ ಇನ್‌ಸ್ಪೆಕ್ಷನ್. ಲೇಸರ್ ಹೊಡೆತದಿಂದ ಒಳಗೆ ಒತ್ತಡದ ಅಲೆ ಹೋಗುತ್ತದೆ, ಹಿಂದಿನ ಮೇಲ್ಮೈಗೆ ಬಡಿದು ಎಳೆತದ ಅಲೆಯಾಗಿ ಮರಳುತ್ತದೆ, ಬರುವಾಗ ಅಂಟಿನ ಪದರವನ್ನು ಒಂದು ಕ್ಷಣ ಎಳೆಯುತ್ತದೆ. ಗಟ್ಟಿ ಇದ್ದರೆ ಏನೂ ಆಗುವುದಿಲ್ಲ, ವೀಕ್ ಇದ್ದರೆ ಅಲ್ಲೇ ಬಿಟ್ಟುಕೊಳ್ಳುತ್ತದೆ. ಉಪಾಯ ಚೆನ್ನಾಗಿದೆ ಅಲ್ವಾ? ಆದರೆ ಉಪಕರಣ ದೊಡ್ಡದು, ದುಬಾರಿ, ಪ್ರತಿ ದಪ್ಪಕ್ಕೂ ಹೊಡೆತದ ಬಲವನ್ನು ಹೊಂದಿಸಿಕೊಳ್ಳಬೇಕು.

ಈಗ ರಿವೆಟ್ ವಿಷಯ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2009ರಲ್ಲಿ ಹೊರಡಿಸಿದ ಎಸಿ 20-107ಬಿ ಸುತ್ತೋಲೆಯಲ್ಲಿ, ಬಿಟ್ಟುಕೊಂಡರೆ ವಿಮಾನವನ್ನೇ ಕಳೆದುಕೊಳ್ಳಬೇಕಾಗುವಂಥ ಜಾಯಿಂಟ್‌ಗಳಿಗೆ ಮೂರು ದಾರಿ ಇದೆ. ಅಂಟು ಬಿಟ್ಟುಕೊಂಡರೂ ಅದು ಒಂದು ಮಿತಿ ದಾಟದಂತೆ ವಿನ್ಯಾಸದಲ್ಲೇ ತಡೆ ಇಡುವುದು, ತಯಾರಾದ ಪ್ರತಿಯೊಂದು ಭಾಗಕ್ಕೂ ಲಿಮಿಟ್ ಲೋಡ್ (ಬಳಕೆಯಲ್ಲಿ ಬರಬಹುದಾದ ಗರಿಷ್ಠ ಭಾರ) ಹಾಕಿ ಪರೀಕ್ಷಿಸುವುದು, ಇಲ್ಲವೇ ಪ್ರತಿ ಜಾಯಿಂಟ್‌ನ ಬಲವನ್ನು ಖಚಿತಪಡಿಸುವ ಎನ್‌ಡಿಟಿ ವಿಧಾನ, ಅಂದರೆ ಭಾಗವನ್ನು ಒಡೆಯದೆ ಮಾಡುವ ಪರೀಕ್ಷೆ. ಮೂರನೆಯದಕ್ಕೆ ಎಲ್ಲ ಕಡೆ ನೆಚ್ಚಿಕೊಳ್ಳುವಂಥ ವಿಧಾನ ಇನ್ನೂ ಕೈಗೆ ಬಂದಿಲ್ಲ. ಎರಡನೆಯದು ದೊಡ್ಡ ಭಾಗಗಳಿಗೆ ಭಾರಿ ಖರ್ಚು. ಹಾಗಾಗಿ ಉಳಿಯುವುದು ಮೊದಲನೆಯದು, ಅಂದರೆ ತಡೆಯಾಗಿ ರಿವೆಟ್ ಅಥವಾ ಬೋಲ್ಟ್. ತೂಕ ಜಾಸ್ತಿ, ರಂಧ್ರ ಕೊರೆದರೆ ಫೈಬರ್ ತುಂಡಾಗುತ್ತದೆ, ಆದರೂ ಅಂಟು ಬಿಡುತ್ತಾ ಹೋದರೆ ಅಲ್ಲಿ ನಿಲ್ಲುತ್ತದೆ.

ನೀವು ಇಂಥ ಜಾಯಿಂಟ್ ಪರಿಶೀಲಿಸುವ ಜಾಗದಲ್ಲಿದ್ದರೆ ಸುಮ್ನೆ ಸ್ಕ್ಯಾನ್ ವರದಿ ನೋಡಿ ಸಹಿ ಹಾಕಬೇಡಿ. ಅಂಟಿಸುವ ಮುಂಚೆ ಮೇಲ್ಮೈಯನ್ನು ಹೇಗೆ ಸಿದ್ಧ ಮಾಡಿದರು, ಪೀಲ್ ಪ್ಲೈ (ಅಂಟಿಸುವ ಮುಂಚೆ ಸಿಪ್ಪೆಯಂತೆ ಸುಲಿದು ತೆಗೆಯುವ ಬಟ್ಟೆಯ ಪದರ) ತೆಗೆದ ಮೇಲೆ ಎಷ್ಟು ಹೊತ್ತು ತೆರೆದಿಟ್ಟರು, ಲ್ಯಾಮಿನೇಟ್ (ಪದರಪದರವಾಗಿ ಮಾಡಿದ ಕಾರ್ಬನ್ ಫೈಬರ್ ಭಾಗ) ಒಣಗಿಸಿದ್ದರಾ, ಅಂಟು ಫ್ರೀಜರ್‌ನಿಂದ ಹೊರಗೆ ಎಷ್ಟು ಹೊತ್ತು ಇತ್ತು ಅಂತ ಕೇಳಿ. ಜೊತೆಗೇ ಅಂಟಿಸಿ ಒಡೆದ ಕೂಪನ್ (ಪರೀಕ್ಷೆಗೆಂದೇ ಮಾಡಿದ ಚಿಕ್ಕ ತುಂಡು) ಇದ್ದರೆ ಅದನ್ನು ಕೈಯಲ್ಲಿ ಹಿಡಿದು ನೋಡಿ. ಎರಡೂ ಮುಖದಲ್ಲಿ ಅಂಟು ಇರಬೇಕು.