ಒಂದೇ ತುಣುಕು ಮತ್ತೆ ಮತ್ತೆ ಬರುವ ಮಿನಿಮಲಿಸ್ಟ್ ಸಂಗೀತ ಕೆಲವರಿಗೆ ಕಿರಿಕಿರಿ, ಕೆಲವರಿಗೆ ಹುಚ್ಚು ಹಿಡಿಸುವಷ್ಟು ಇಷ್ಟ. ಯಾಕೆ?

ನಿಮ್ಮ ಕಿವಿ ಏನಕ್ಕಾಗಿ ಕಾಯುತ್ತಿದೆ ಅನ್ನುವುದರ ಮೇಲೆ ಅದು ನಿಂತಿದೆ.

ಸಂಗೀತ ಕೇಳುವಾಗ ಮಿದುಳು ಸುಮ್ನೆ ಕೂತಿರುವುದಿಲ್ಲ. ಮುಂದೆ ಏನು ಬರಬಹುದು ಅಂತ ಊಹಿಸುತ್ತಲೇ ಇರುತ್ತದೆ. ಮಿನಿಮಲಿಸ್ಟ್ ಸಂಗೀತದಲ್ಲಿ ಆ ಊಹೆ ಸ್ವಲ್ಪ ಹೊತ್ತಿಗೇ ಮುಗಿದುಹೋಗುತ್ತದೆ. ‘ಇನ್ನೇನೋ ಬರುತ್ತೆ’ ಅಂತ ಕಾಯುವವರಿಗೆ ಬೇಸರ, ಆಮೇಲೆ ಸಿಟ್ಟು. ಕಾಯುವುದನ್ನು ಬಿಟ್ಟವರ ಗಮನ ಮಾತ್ರ ಸಣ್ಣಪುಟ್ಟ ಬದಲಾವಣೆಗಳ ಕಡೆ ಜಾರುತ್ತದೆ.

ಅಮೆರಿಕದ ಸಂಗೀತ ರಚನಕಾರ ಸ್ಟೀವ್ ರೈಶ್ 1967ರಲ್ಲಿ ರಚಿಸಿದ ‘ಪಿಯಾನೋ ಫೇಸ್’ (Piano Phase) ಕೇಳಿ ನೋಡಿ. ಎರಡು ಪಿಯಾನೋ, 12 ಸ್ವರಗಳ ಒಂದೇ ತುಣುಕು. ಮೊದಲು ಇಬ್ಬರೂ ಒಟ್ಟಿಗೆ ನುಡಿಸುತ್ತಾರೆ. ಆಮೇಲೆ ಒಬ್ಬರು ಕೂದಲೆಳೆಯಷ್ಟು ವೇಗ ಹೆಚ್ಚಿಸುತ್ತಾರೆ. ನಾದ ಮೊದಲು ದಪ್ಪವಾದಂತೆ ಕೇಳುತ್ತದೆ, ಮತ್ತೆ ಪ್ರತಿಧ್ವನಿಯಂತೆ, ಆಮೇಲೆ ಪೂರ್ತಿ ಗಲಿಬಿಲಿ. ಥಟ್ಟನೆ ಲಯ ಕೂಡಿಕೊಳ್ಳುತ್ತದೆ. ಅಷ್ಟರಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಒಂದು ಸ್ವರ ಮುಂದೆ ಹೋಗಿರುತ್ತಾರೆ! ಎರಡೂ ಸೇರಿ, ಯಾರೂ ಬೇರೆಯಾಗಿ ನುಡಿಸದ ಹೊಸ ಧಾಟಿಯೊಂದು ನಡುವಿನಿಂದ ಎದ್ದು ಬರುತ್ತದೆ. ನನಗೆ ಅಲ್ಲಿ ಈಗಲೂ ಮೈ ಜುಮ್ ಅನ್ನುತ್ತದೆ.

ರೂಢಿಯ ಧಾಟಿ, ಲಯ ಬಿಟ್ಟು ಹೊರಟ ಬೇರೆ ಪ್ರಯೋಗಾತ್ಮಕ ಸಂಗೀತದ ಕಿರಿಕಿರಿ ಬಹಳ ಸಲ ಇದಕ್ಕೆ ಉಲ್ಟಾ. ಅಲ್ಲಿ ಊಹೆಗೆ ಹಿಡಿಯೇ ಸಿಗುವುದಿಲ್ಲ, ಹಾಗಾಗಿ ಗದ್ದಲ ಅನ್ನಿಸುತ್ತದೆ.

ಕೇಳುವವರ ಆ ಹೊತ್ತಿನ ಮನಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಅವಸರದಲ್ಲಿದ್ದಾಗ ತಲೆನೋವು ತಂದ ತುಣುಕೇ ರಾತ್ರಿ ದೀಪ ಆರಿಸಿ ಕೇಳಿದಾಗ ಹಿತವಾಗಬಹುದು. ಇಷ್ಟವಾಗದಿದ್ದರೆ ಅದು ನಿಮ್ಮ ಕೊರತೆಯೇನಲ್ಲ.