ಗೋಲ್ಡನ್ ವಾಟಲ್ ಮತ್ತು ರೇಡಿಯಾಟ ಪೈನ್ ಒಂದೇ ಬಳಗದವೇ?

ಎರಡೂ ನಿತ್ಯಹಸಿರಾಗಿದ್ದು ಹಳದಿ ಪರಾಗವನ್ನು ಉದುರಿಸುವುದರಿಂದ ಇವು ಹತ್ತಿರದ ಸಂಬಂಧಿಗಳೇ ಎಂದು ಕೇಳಿದ್ದೀರಿ. ಸಂಬಂಧಿಗಳಲ್ಲ. 1988ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಪುಷ್ಪಲಾಂಛನವೆಂದು ಅಧಿಕೃತವಾಗಿ ಘೋಷಿತವಾದ ಗೋಲ್ಡನ್ ವಾಟಲ್, ಅವರೆ ಮತ್ತು ತೊಗರಿಯ ಕುಟುಂಬಕ್ಕೆ ಸೇರಿದ ಹೂಬಿಡುವ ಮರ. ರೇಡಿಯಾಟ ಪೈನ್ ಕ್ಯಾಲಿಫೋರ್ನಿಯ ಕರಾವಳಿಯ ಮೂಲದ್ದು. ಅದಕ್ಕೆ ಹೂವೇ ಇಲ್ಲ, ಬೀಜಗಳು ಹಣ್ಣಿನೊಳಗೆ ಮುಚ್ಚಿಕೊಳ್ಳದೆ ಶಂಕುವಿನ, ಅಂದರೆ ಪೈನಿನ ಗಟ್ಟಿ ಕಾಯಿಯಂಥ ಭಾಗದ, ಹುರುಪೆಗಳ ಮೇಲೆ ಬೆಳೆಯುತ್ತವೆ.

ಎಲೆಗಳ ವಿಷಯ ಇನ್ನೂ ಸ್ವಾರಸ್ಯಕರ. ಬೆಳೆದ ವಾಟಲ್ ಮರದಲ್ಲಿ ನಾವು ಎಲೆಯೆಂದು ಭಾವಿಸುವುದು ವಾಸ್ತವವಾಗಿ ಚಪ್ಪಟೆಯಾಗಿ ಅಗಲಗೊಂಡ ಎಲೆತೊಟ್ಟು. ನಿಜವಾದ ಗರಿಯಂಥ ಎಲೆಗಳನ್ನು ಎಳೆಯ ಸಸಿಯಲ್ಲಿ ಮಾತ್ರ ನೋಡಬಹುದು. ಪೈನಿನ ಸೂಜಿಗಳಾದರೋ ನಿಜವಾದ ಎಲೆಗಳೇ ಆಗಿದ್ದು, ಸಾಮಾನ್ಯವಾಗಿ ಮೂರು ಮೂರರ ಗೊಂಚಲುಗಳಲ್ಲಿರುತ್ತವೆ. ಪೈನಿನ ಪರಾಗಕಣಕ್ಕೆ ಎರಡು ಗಾಳಿಚೀಲಗಳಿದ್ದು, ಅದು ಗಾಳಿಯಲ್ಲೇ ಸಾಗುತ್ತದೆ. ವಾಟಲ್ ಮುಖ್ಯವಾಗಿ ಕೀಟಗಳನ್ನು ಮತ್ತು ಹಕ್ಕಿಗಳನ್ನು ನೆಚ್ಚಿಕೊಂಡಿದೆ. ಆದ್ದರಿಂದ ಅಂಗಳದ ಮೇಲೆ ಹಳದಿ ಪುಡಿಯ ಪದರವೇ ಕೂತಿದ್ದರೆ, ನನ್ನ ಅನುಮಾನ ಮೊದಲು ಪೈನಿನ ಮೇಲೆಯೇ.

ಒಂದು ಹೋಲಿಕೆ ಮಾತ್ರ ನಿಜ: ಎರಡೂ ಬೆಂಕಿಗೆ ಹೊಂದಿಕೊಂಡಿವೆ. ಪೈನಿನ ಮುಚ್ಚಿದ ಶಂಕುಗಳು ಶಾಖಕ್ಕೆ ತೆರೆದುಕೊಳ್ಳುತ್ತವೆ. ವಾಟಲ್‌ನ ಗಟ್ಟಿ ಸಿಪ್ಪೆಯ ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿದ್ದು, ಬಿಸಿ ತಗುಲಿದ ಮೇಲೆ ಮೊಳೆಯುತ್ತವೆ.

ಸಾರವಿಲ್ಲದ ಮಣ್ಣಿಗೆ ಯಾವುದು ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ, ಬೇರುಗಂಟುಗಳ ಬ್ಯಾಕ್ಟೀರಿಯಾಗಳ ನೆರವಿನಿಂದ ಸಾರಜನಕವನ್ನು ಸ್ಥಿರೀಕರಿಸುವ ವಾಟಲ್ ಅನ್ನೇ ನಾನು ಆರಿಸುತ್ತೇನೆ. ಆದರೆ ಅದು ಪೈನಿನಷ್ಟು ಎತ್ತರಕ್ಕೆ ಬೆಳೆಯುವುದಿಲ್ಲ, ಅಷ್ಟು ಕಾಲ ಬಾಳುವುದೂ ಇಲ್ಲ. ಜೊತೆಗೆ ತನ್ನ ನಾಡಿನ ಹೊರಗೆ ಎರಡೂ ಕಳೆಯಂತೆ ಹರಡಬಲ್ಲವು.